ಮನೆಯೊಳಗಣ ಪಾಠಶಾಲೆ

ಶಾಲೆಯ ವರ್ಷವು ಬಾಗಿಲು ತೆರೆದ ದಿನ ಆರಂಭವಾಗುವುದಿಲ್ಲವೆಂಬುದನ್ನು ಉಪಾಧ್ಯಾಯವೃತ್ತಿಯಲ್ಲಿದ್ದವರೆಲ್ಲರೂ ಬಲ್ಲರು. ಮಕ್ಕಳು ಹೊಸ ಚೀಲವನ್ನು ಹೆಗಲಿಗೇರಿಸಿಕೊಂಡು ಬರುವುದಕ್ಕೆ ಎಷ್ಟೋ ದಿನ ಮುಂಚೆಯೇ ಹಾಜರಿ ಪುಸ್ತಕಕ್ಕೆ ಗೀಟು ಬಿದ್ದಿರುತ್ತದೆ. ವೇಳಾಪಟ್ಟಿಯನ್ನು ಹತ್ತು ಸಲ ಬರೆದು ಹನ್ನೊಂದನೆಯ ಸಲ ತಿದ್ದಿರುತ್ತಾರೆ. ಪಾಠಗಳನ್ನು ತಿಂಗಳುಗಳಿಗೆ ಹಂಚಿರುತ್ತಾರೆ. ಆ ಸಿದ್ಧತೆಯು ನೆಟ್ಟಗಿದ್ದರೆ ವರ್ಷವೂ ನೆಟ್ಟಗೆ ನಡೆಯುವುದು. ಅದು ಕೆಟ್ಟರೆ ಎಂಥ ಪಂಡಿತನ ಪಾಠವೂ ದೀಪಾವಳಿಯ ವೇಳೆಗೆ ಮುಗ್ಗರಿಸುವುದು. ಒಬ್ಬ ಮುಖ್ಯೋಪಾಧ್ಯಾಯ, ಹತ್ತು ಮಂದಿ ಉಪಾಧ್ಯಾಯರು, ಒಬ್ಬ ಗುಮಾಸ್ತ, ಒಬ್ಬ ಜವಾನ ಇಷ್ಟು ಜನ ಸೇರಿ ಮಾಡುವ ಈ ಕೆಲಸವನ್ನು ಒಬ್ಬ ತಾಯಿಯು ತನ್ನ ಮನೆಯ ಊಟದ ಮೇಜಿನ ಮುಂದೆ ಕುಳಿತು ಮಾಡುವುದನ್ನು ಕಾಣುವ ಸಂದರ್ಭವು ನನಗೆ 2023ನೆಯ ಇಸವಿಯ ಬೇಸಗೆಯಲ್ಲಿ ಒದಗಿತು. ಅದು ನಮ್ಮ ನಾಡಿನ ಮಾತಲ್ಲ; ಅಮೆರಿಕಾ ದೇಶದ ಪೆನ್ಸಿಲ್ವೇನಿಯಾ ಸಂಸ್ಥಾನದ ಲ್ಯಾಂಕಾಸ್ಟರ್ ಜಿಲ್ಲೆಯ ಒಂದು ಕ್ರೈಸ್ತ ಸಂಸಾರದ ಮಾತು. ಆದರೂ ಮಕ್ಕಳುಳ್ಳ ಮನೆಗಳವರು ಕೇಳಬಹುದಾದ ಕೆಲವು ಸಂಗತಿಗಳು ಅದರಲ್ಲಿವೆಯೆಂದು ತೋರಿದ ಕಾರಣ ಈ ಬರಹಕ್ಕೆ ತೊಡಗಿದ್ದೇನೆ.

ನನ್ನ ಮಗಳೂ ಅಳಿಯಂದಿರೂ ಆ ಜಿಲ್ಲೆಯಲ್ಲಿ ನೆಲೆಸಿರುವರು. ಅವರ ನೆರೆಮನೆಯದೇ ಈ ಸಂಸಾರ. ಯಜಮಾನರು ಮರಗೆಲಸದ ಗುತ್ತಿಗೆ ಹಿಡಿಯುವವರು. ಗೃಹಿಣಿಯು ಮೊದಲು ಆಸ್ಪತ್ರೆಯಲ್ಲಿ ದಾದಿಯಾಗಿದ್ದು, ಚೊಚ್ಚಲ ಮಗು ಹುಟ್ಟಿದ ಮೇಲೆ ಕೆಲಸ ಬಿಟ್ಟವರು. ಮಕ್ಕಳು ನಾಲ್ವರು: 14 ವರ್ಷದ ಹಿರಿಯ ಮಗ, 11ರ ಮಗಳು, 8ರ ಮಗ, 5ರ ಕಿರಿಯ ಮಗಳು. ಇವರಲ್ಲಿ ಒಬ್ಬರೂ ಅಂದಿನವರೆಗೆ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಓದುಬರಹವೆಲ್ಲವೂ ಮನೆಯಲ್ಲಿಯೇ. ನನ್ನ ಮೊಮ್ಮಗಳು ಸರ್ಕಾರಿ ಶಾಲೆಗೆ ಹೋಗುವವಳಾದರೂ ಸಾಯಂಕಾಲದ ಆಟವೆಲ್ಲ ಆ ಮಕ್ಕಳೊಡನೆಯೇ ಆದ್ದರಿಂದ, ಅವಳು ಕರೆಯುವುದನ್ನು ಕೇಳಿ ಅವರೂ ನನ್ನನ್ನು ‘ತಾತಾ’ ಎಂದು ಕರೆಯತೊಡಗಿದರು. ನಾನು ಮೇಷ್ಟರಾಗಿದ್ದವನೆಂಬುದು ತಿಳಿದ ಬಳಿಕ ಅವರ ತಾಯಿಯು ಪಠ್ಯಪುಸ್ತಕಗಳನ್ನು ನನ್ನ ಮುಂದೆ ಹರಡಿ ಅಭಿಪ್ರಾಯ ಕೇಳುವುದೂ ವಾಡಿಕೆಯಾಯಿತು. ಹೀಗೆ ಒಂದು ವರ್ಷದ ಪಾಠವು ಗರ್ಭ ಕಟ್ಟುವುದನ್ನು ನಾನು ಹತ್ತಿರದಿಂದ ನೋಡಿದೆನು.

ಈ ಪದ್ಧತಿಯ ಪೂರ್ವವೃತ್ತಾಂತವನ್ನು ಸ್ವಲ್ಪದಲ್ಲಿ ಹೇಳಬೇಕು. ಅಮೆರಿಕಾದಲ್ಲಿ ಕಡ್ಡಾಯ ಶಿಕ್ಷಣದ ಕಾನೂನು ಮೊದಲು ಹುಟ್ಟಿದ್ದು 1852ರಲ್ಲಿ, ಮ್ಯಾಸಚೂಸೆಟ್ಸ್ ಸಂಸ್ಥಾನದಲ್ಲಿ; 1918ರಲ್ಲಿ ಮಿಸಿಸಿಪ್ಪಿಯು ಒಪ್ಪುವುದರೊಡನೆ ಅದು ಎಲ್ಲ ಸಂಸ್ಥಾನಗಳಿಗೂ ವ್ಯಾಪಿಸಿತು. ಮಕ್ಕಳು ಸರ್ಕಾರಿ ಶಾಲೆಗೇ ಹೋಗತಕ್ಕದ್ದೆಂದು ಆರೆಗನ್ ಸಂಸ್ಥಾನವು 1922ರಲ್ಲಿ ವಿಧಿಸಹೋದಾಗ, 1925ರಲ್ಲಿ ದೇಶದ ಶ್ರೇಷ್ಠ ನ್ಯಾಯಾಲಯವು ಅದನ್ನು ತಳ್ಳಿಹಾಕಿತು. ಮಕ್ಕಳ ಶಿಕ್ಷಣದ ದಾರಿಯನ್ನು ಆರಿಸುವುದರಲ್ಲಿ ತಂದೆತಾಯಿಗಳಿಗೆ ಹಕ್ಕುಂಟೆಂಬುದು ಆ ತೀರ್ಪಿನ ಸಾರ. ಮನೆಯಲ್ಲಿ ಕಲಿಸುವ ಚಳುವಳಿಯು ಬಲಗೊಂಡದ್ದು ಇನ್ನೂ ಈಚೆಗೆ. ಜಾನ್ ಹೋಲ್ಟ್ ಎಂಬ ಉಪಾಧ್ಯಾಯರು 1977ರಲ್ಲಿ ಇದಕ್ಕಾಗಿಯೇ ಒಂದು ಪತ್ರಿಕೆಯನ್ನು ಹೊರಡಿಸಿದರು. ಅವರ ವಾದಕ್ಕೂ ಮತಕ್ಕೂ ಸಂಬಂಧವಿರಲಿಲ್ಲ. ಮುಂದೆ 1980ರ ದಶಕದಲ್ಲಿ ಕ್ರೈಸ್ತ ಸಂಸಾರಗಳು ಹೆಚ್ಚು ಹೆಚ್ಚಾಗಿ ಈ ದಾರಿಗೆ ಬಂದುವು. ಕೊರೋನಾ ವ್ಯಾಧಿಯ ಕಾಲದಲ್ಲಿ ಇದು ಒಮ್ಮೆಲೇ ಹಬ್ಬಿತು: ಶಾಲಾವಯಸ್ಸಿನ ಮಕ್ಕಳುಳ್ಳ ಸಂಸಾರಗಳಲ್ಲಿ 2020ರ ವಸಂತದಲ್ಲಿ ನೂರಕ್ಕೆ 5.4ರಷ್ಟು ಮಾತ್ರ ಮನೆಪಾಠದವಾಗಿದ್ದು, ಆ ವರ್ಷದ ಶರತ್ಕಾಲಕ್ಕೆ 11.1 ಆದುವೆಂದು ಅಲ್ಲಿನ ಜನಗಣತಿಯ ಇಲಾಖೆಯವರು ಎಣಿಸಿರುವರು.

ಕಾನೂನು ಸಂಸ್ಥಾನದಿಂದ ಸಂಸ್ಥಾನಕ್ಕೆ ಬೇರೆ. ಪೆನ್ಸಿಲ್ವೇನಿಯಾದ ಕಾನೂನು 1988ರದು, ಅಲ್ಲಿಯ ಬಿಗಿಯಾದ ಕಾನೂನುಗಳಲ್ಲಿ ಒಂದು. ಪ್ರತಿ ವರ್ಷವೂ ಆಗಸ್ಟ್ 1ನೆಯ ತಾರೀಖಿನೊಳಗಾಗಿ ತಾಯಿಯೋ ತಂದೆಯೋ ಪ್ರಮಾಣಪತ್ರವೊಂದನ್ನು ಶಾಲಾ ಜಿಲ್ಲೆಯ ಅಧಿಕಾರಿಗೆ ಸಲ್ಲಿಸಬೇಕು. ಯಾವ ಮಕ್ಕಳು, ವಯಸ್ಸೆಷ್ಟು, ಕಲಿಸುವವರು ಯಾರು, ಪ್ರತಿಯೊಂದು ವಿಷಯದಲ್ಲಿಯೂ ಈ ವರ್ಷದ ಉದ್ದೇಶವೇನು, ರೋಗನಿರೋಧಕ ಚುಚ್ಚುಮದ್ದುಗಳು ಆಗಿವೆಯೆ ಎಂಬುದೆಲ್ಲವೂ ಅದರೊಡನೆ ಹೋಗಬೇಕು. ಮನೆಯಲ್ಲಿರುವ ವಯಸ್ಕರಾರೂ ಹಿಂದಿನ ಐದು ವರ್ಷಗಳಲ್ಲಿ ಕೆಲವು ಬಗೆಯ ಅಪರಾಧಗಳಿಗೆ ಗುರಿಯಾದವರಲ್ಲವೆಂದೂ ಬರೆದುಕೊಡಬೇಕು. ವರ್ಷಕ್ಕೆ 180 ದಿನಗಳ ಪಾಠ, ಇಲ್ಲವೇ ಕೆಳಗಿನ ತರಗತಿಗಳಿಗೆ 900 ಗಂಟೆ, ಮೇಲಿನವಕ್ಕೆ 990 ಗಂಟೆ ಆಗಬೇಕು. ಓದಿದ ಪುಸ್ತಕಗಳ ಹೆಸರನ್ನು ಆಯಾ ಹೊತ್ತಿಗೇ ದಿನಚರಿಯಲ್ಲಿ ಬರೆದಿಡಬೇಕು. ಮಕ್ಕಳ ಬರಹದ ಮಾದರಿಗಳನ್ನು ಕಡತದಲ್ಲಿ ಕೂಡಿಸಬೇಕು. 3, 5 ಮತ್ತು 8ನೆಯ ತರಗತಿಗಳಲ್ಲಿ ಪರೀಕ್ಷೆ. ವರ್ಷದ ಕೊನೆಗೆ ಅರ್ಹತೆಯುಳ್ಳ ಹೊರಗಿನವರೊಬ್ಬರು ಮಗುವನ್ನು ಮಾತನಾಡಿಸಿ, ಕಡತವನ್ನು ನೋಡಿ, ವಿದ್ಯೆಯು ತಕ್ಕಷ್ಟು ನಡೆದಿದೆಯೆಂದು ಬರೆದುಕೊಡಬೇಕು. ಬೆಂಕಿಯ ಅಪಾಯವನ್ನೂ ಅದನ್ನು ತಪ್ಪಿಸುವ ಬಗೆಯನ್ನೂ ಕಲಿಸಬೇಕೆಂಬುದು ಕೂಡ ಆ ಕಾನೂನಿನಲ್ಲಿದೆ. ಕಲಿಸುವವರಿಗೆ ಮಾತ್ರ ಹೈಸ್ಕೂಲು ಮುಗಿಸಿದ್ದರೆ ಸಾಕು!

ಈ ಕಾಗದಪತ್ರದ ಕೆಲಸವು ಜುಲೈ ತಿಂಗಳಿಗೆ. ಇದಕ್ಕಿಂತ ಮುಂಚೆ ಅವರ ಮನೆಯಲ್ಲಿ ಒಂದು ಸಂಜೆಯ ಕೆಲಸವುಂಟು. ನನಗೆ ಅದೇ ಎಲ್ಲಕ್ಕಿಂತ ಮುಖ್ಯವಾಗಿ ಕಂಡಿತು. ಜೂನ್ ಕೊನೆಯಲ್ಲಿ ಮಕ್ಕಳನ್ನು ಅಜ್ಜಿಯ ಮನೆಗೆ ಕಳುಹಿಸಿ, ದಂಪತಿಗಳಿಬ್ಬರೂ ಪ್ರಾರ್ಥನೆ ಮಾಡಿ, ಒಂದು ಬರಿಯ ನೋಟುಪುಸ್ತಕವನ್ನು ತೆರೆದು ಕೂರುತ್ತಾರೆ. ಒಂದೊಂದು ಮಗುವಿಗೆ ಒಂದೊಂದು ಹಾಳೆ. ಅದರಲ್ಲಿ ಮೂರು ಅಂಕಣ: ಈ ಮಗುವಿಗೆ ಬರುವುದೇನು, ತಿದ್ದಬೇಕಾದ ಅಭ್ಯಾಸವೇನು, ಇದರ ಮನಸ್ಸು ತಾನಾಗಿ ಎತ್ತ ಹರಿಯುತ್ತದೆ. 8ರ ಹುಡುಗನ ಹಾಳೆಯಲ್ಲಿ “ಮಗ್ಗಿ ಬರುತ್ತದೆ, ತಪ್ಪಿದಾಗ ಪೆನ್ಸಿಲು ಎಸೆಯುತ್ತಾನೆ, ಹಕ್ಕಿಗಳು” ಎಂದಿತ್ತು. ನಲವತ್ತು ಮಕ್ಕಳ ತರಗತಿಯಲ್ಲಿ ನಾವು ಹಾಕುವ ಅಂಕಗಳಿಗಿಂತ ಈ ಒಂದು ಸಾಲಿನಲ್ಲಿ ಮಗುವಿನ ಪರಿಚಯವು ಹೆಚ್ಚಾಗಿದೆಯೆಂಬುದನ್ನು ಬಲ್ಲವರು ಒಪ್ಪುವರು. ನಾಲ್ಕು ಹಾಳೆ ಮುಗಿದ ಮೇಲೆ ಐದನೆಯದೊಂದು ಉಂಟು. ಅದು ತಾಯಿಯ ಹಾಳೆ. ಅದರ ತಲೆಯಲ್ಲಿ “ನನ್ನಿಂದಾಗದ್ದು” ಎಂದು ಆಕೆಯೇ ಬರೆದಿದ್ದರು. ಅಪರಾಹ್ನ ಮೂರರ ಮೇಲೆ ತಾಳ್ಮೆ ಉಳಿಯುವುದಿಲ್ಲ, ಬೀಜಗಣಿತದ ಮುಂದಿನ ಭಾಗವು ತಿಳಿಯದು, ಸಂಗೀತವು ಬಾರದು, ಹೀಗೆ ಪಟ್ಟಿ. ಕಡೆಯ ಸಾಲಿನಲ್ಲಿ “ಜೀವಶಾಸ್ತ್ರ?” ಎಂದು ಒಂದೇ ಮಾತಿದ್ದು, ಮುಂದೆ ಪ್ರಶ್ನೆಯ ಗುರುತಿತ್ತು. ಅದರ ಕಥೆಯನ್ನು ಮುಂದೆ ಹೇಳುವೆನು.

ಐದನೆಯ ಹಾಳೆಯಿಂದ ವೇಳಾಪಟ್ಟಿಯು ಹುಟ್ಟಿತು. ಮೂರರ ಮೇಲೆ ತಾಳ್ಮೆಯಿಲ್ಲವಾದ್ದರಿಂದ ಕಷ್ಟದ ಪಾಠಗಳೆಲ್ಲ ಬೆಳಗಿಗೆ ಬಂದುವು. ಅಪರಾಹ್ನವು ಚಿತ್ರ, ಹೊಲಿಗೆ, ತೋಟ, ಓದುವಿಕೆಗಳಿಗೆ ಸಂದಿತು. ಬೀಜಗಣಿತವನ್ನು ತಂದೆಯು ರಾತ್ರಿಯ ಊಟದ ಮೇಲೆ ಹೇಳುವುದೆಂದಾಯಿತು. ಮೂಲೆಮಟ್ಟ ಹಿಡಿದು ಮನೆ ಕಟ್ಟುವವರಿಗೆ ರೇಖಾಗಣಿತವು ಕೈಯಲ್ಲೇ ಇರುತ್ತದೆ. ಸಂಗೀತಕ್ಕೆ ವಾರಕ್ಕೊಂದು ದಿನ ಅವರ ದೇವಾಲಯದ ನೆಲಮಾಳಿಗೆಯಲ್ಲಿ ಹತ್ತು ಹನ್ನೆರಡು ಸಂಸಾರಗಳು ಸೇರುವುವು. ಒಬ್ಬ ತಾಯಿಗೆ ಬಂದದ್ದನ್ನು ಆಕೆಯು ಎಲ್ಲರ ಮಕ್ಕಳಿಗೂ ಕಲಿಸುವುದು, ಈಕೆಯು ಪ್ರತಿಯಾಗಿ ಪ್ರಥಮ ಚಿಕಿತ್ಸೆಯನ್ನೂ ಶರೀರಶಾಸ್ತ್ರವನ್ನೂ ಹೇಳುವುದು. ನಮ್ಮ ಹಳ್ಳಿಗಳಲ್ಲಿ ನಾಟಿಯ ಕಾಲಕ್ಕೆ ನಡೆಯುವ ಮುಯ್ಯಾಳಿನ ಲೆಕ್ಕವೇ ಇದು. ಅಡುಗೆಯ ಸಿದ್ಧತೆಯೂ ಪಾಠದ ಸಿದ್ಧತೆಯ ಒಂದು ಅಂಗ. ಆಗಸ್ಟಿನ ಎರಡು ಶನಿವಾರಗಳಲ್ಲಿ ಸಾರು, ಬೇಯಿಸಿದ ಬೇಳೆಕಾಳು, ರೊಟ್ಟಿಯ ಹಿಟ್ಟುಗಳನ್ನು ಡಬ್ಬಗಳಿಗೆ ತುಂಬಿ, ಮೇಲೆ ತಾರೀಖು ಬರೆದು, ಶೈತ್ಯಪೆಟ್ಟಿಗೆಯಲ್ಲಿ ಜೋಡಿಸಿದರು. ಪಾತ್ರೆ ತೊಳೆಯುವುದು ಯಾರ ಪಾಲು, ಕೋಳಿಗಳಿಗೆ ಕಾಳು ಹಾಕುವುದು ಯಾರ ಪಾಲು ಎಂಬ ಪಟ್ಟಿಯು ವೇಳಾಪಟ್ಟಿಯ ಪಕ್ಕದಲ್ಲಿಯೇ ಗೋಡೆಗೆ ಬಿತ್ತು.

ಪುಸ್ತಕಗಳ ವಿಚಾರದಲ್ಲಿ ಆ ತಾಯಿಯದು ಎರಡು ಗುರುಪರಂಪರೆ. ಒಂದು, ಇಂಗ್ಲೆಂಡಿನ ಷಾರ್ಲಟ್ ಮೇಸನ್ ಎಂಬ ಮಹಿಳೆಯದು. 1842ರಿಂದ 1923ರವರೆಗೆ ಬಾಳಿದ ಈ ಉಪಾಧ್ಯಾಯಿನಿಯು 1886ರಲ್ಲಿ ಮನೆಯ ಶಿಕ್ಷಣವನ್ನು ಕುರಿತು ಗ್ರಂಥವನ್ನು ಪ್ರಕಟಿಸಿ, 1892ರಲ್ಲಿ ಆಂಬಲ್‌ಸೈಡ್ ಎಂಬ ಊರಿನಲ್ಲಿ ಮಕ್ಕಳಿಗೆ ಕಲಿಸುವವರ ತರಬೇತಿಗಾಗಿ ವಿದ್ಯಾಲಯವೊಂದನ್ನು ತೆರೆದರು. ಸಣ್ಣ ಮಕ್ಕಳಿಗೆ ಪಾಠವು ಇಪ್ಪತ್ತು ನಿಮಿಷವನ್ನು ಮೀರಬಾರದು. ಸಾರವನ್ನು ಹಿಂಡಿ ಒಣಗಿಸಿದ ಪಠ್ಯಪುಸ್ತಕಕ್ಕಿಂತ ವಿಷಯದಲ್ಲಿ ಪ್ರೀತಿಯುಳ್ಳ ಒಬ್ಬನು ಬರೆದ ಗ್ರಂಥವೇ ಮೇಲು. ಒಮ್ಮೆ ಓದಿಸಿದ್ದನ್ನು ಮಗುವು ಪುಸ್ತಕ ಮುಚ್ಚಿ ತನ್ನ ಮಾತಿನಲ್ಲಿ ತಿರುಗಿ ಹೇಳಬೇಕು. ಇವು ಆಕೆಯ ಮುಖ್ಯ ವಿಧಿಗಳು. ಈ ತಿರುಗಿ ಹೇಳುವ ಪಾಠವನ್ನು ನಾನು ಅನೇಕ ಸಲ ಕೇಳಿದೆನು. ಹನ್ನೊಂದರ ಹುಡುಗಿಯು ಕಣ್ಣು ಮುಚ್ಚಿಕೊಂಡು ಒಂದು ಯುದ್ಧದ ವೃತ್ತಾಂತವನ್ನು ಹೇಳುವಾಗ ಎಲ್ಲಿ ತಡವರಿಸಿದಳೋ ಅಲ್ಲಿಯೇ ಅವಳಿಗೆ ತಿಳಿದಿಲ್ಲವೆಂಬುದು ಪ್ರಶ್ನೆ ಕೇಳದೆಯೇ ಹೊರಗೆ ಬೀಳುತ್ತಿತ್ತು.

ಎರಡನೆಯ ಪರಂಪರೆಯು ಡೊರತಿ ಸೇಯರ್ಸ್ ಎಂಬ ಇಂಗ್ಲಿಷ್ ಲೇಖಕಿಯು 1947ರಲ್ಲಿ ಆಕ್ಸ್‌ಫರ್ಡಿನಲ್ಲಿ ಮಾಡಿದ ಒಂದು ಉಪನ್ಯಾಸದಿಂದ ಇಳಿದದ್ದು. ಯೂರೋಪಿನ ಮಧ್ಯಯುಗದಲ್ಲಿ ವ್ಯಾಕರಣ, ತರ್ಕ, ವಾಗ್ಮಿತೆ ಎಂಬ ಮೂರನ್ನು ಮೊದಲು ಕಲಿಸುತ್ತಿದ್ದರೆಂದೂ, ಅವು ಮಗುವಿನ ಬೆಳವಣಿಗೆಯ ಮೂರು ಅವಸ್ಥೆಗಳಿಗೆ ಹೊಂದುತ್ತವೆಂದೂ ಆಕೆಯ ವಾದ. ಚಿಕ್ಕವರು ಬಾಯಿಪಾಠ ಮಾಡುವುದರಲ್ಲಿ ಸಂತೋಷಪಡುವರು; ಹದಿಮೂರರ ಸುಮಾರಿಗೆ ಎದುರುವಾದ ಹೂಡುವುದರಲ್ಲಿ; ಅನಂತರ ತಮ್ಮ ಮನಸ್ಸನ್ನು ಚೆನ್ನಾಗಿ ನುಡಿಯುವುದರಲ್ಲಿ. ಅಮರಕೋಶವನ್ನೂ ಶಬ್ದರೂಪಗಳನ್ನೂ ಅರ್ಥ ತಿಳಿಯುವ ಮುಂಚೆಯೇ ಕಂಠದಲ್ಲಿ ಧರಿಸಿ, ಆಮೇಲೆ ಲಘುಕೌಮುದಿಗೂ ಅನ್ನಂಭಟ್ಟನ ತರ್ಕಸಂಗ್ರಹಕ್ಕೂ ದಾಟಿ, ಕಡೆಗೆ ಕಾವ್ಯಾಲಂಕಾರಗಳಿಗೆ ಬಂದ ನನ್ನಂಥವನಿಗೆ ಇದರಲ್ಲಿ ಹೊಸತೇನೂ ಕಾಣಲಿಲ್ಲ; ಕಂಡದ್ದೆಲ್ಲವೂ ನಮ್ಮ ಪಾಠಶಾಲೆಯ ಜಗಲಿಯೇ. ಆ ಮನೆಯ ಮಕ್ಕಳು ಲ್ಯಾಟಿನ್ ಭಾಷೆಯ ವಿಭಕ್ತಿಗಳನ್ನು ಸ್ವರವಾಗಿ ಒಪ್ಪಿಸುವುದನ್ನು ಕೇಳಿದಾಗ ನಮ್ಮ ರಾಮಶಬ್ದವೇ ವೇಷ ಬದಲಿಸಿ ಬಂದಂತಿತ್ತು. ತಾಯಿಗೆ ಮೊದಲು ಲ್ಯಾಟಿನ್ ಬಾರದು. ಮಕ್ಕಳಿಗಿಂತ ಒಂದು ಪಾಠ ಮುಂದಾಗಿ ರಾತ್ರಿಯಲ್ಲಿ ಕಲಿತು ಹಗಲಿನಲ್ಲಿ ಹೇಳುವರು. ನಾನು ಒಂದು ಸಂಜೆ ಕಾಗದದ ಮೇಲೆ ಎರಡು ಸಾಲು ಮಾಡಿ ಅಗ್ನಿ, ನಾಮ, ದಂತ, ಮಾತೃ, ನವ ಎಂದು ಒಂದು ಕಡೆ ಬರೆದೆನು. ಎದುರಿಗೆ ಲ್ಯಾಟಿನ್ ಮಾತುಗಳನ್ನು ಹುಡುಕಿ ಬರೆಯಿರೆಂದೆನು. ಇಗ್ನಿಸ್, ನೋಮೆನ್, ಡೆನ್ಸ್, ಮಾತೆರ್, ನೋವುಸ್ ಎಂದು ಒಂದೊಂದು ಸಿಕ್ಕಿದಾಗಲೂ ಅವರು ಕುಣಿದರು. 1786ರಲ್ಲಿ ಕಲ್ಕತ್ತೆಯಲ್ಲಿ ವಿಲಿಯಂ ಜೋನ್ಸರು ಈ ಭಾಷೆಗಳ ಬಳಗವನ್ನು ಸಾರಿ ಹೇಳಿದ ಪ್ರಸಂಗವು ಮಾರನೆಯ ದಿನದ ಚರಿತ್ರೆಯ ಪಾಠವಾಯಿತು. ಪಾಠದ ದಿಕ್ಕನ್ನು ಹೀಗೆ ರಾತ್ರಿ ಬೆಳಗಾಗುವುದರೊಳಗೆ ತಿರುಗಿಸುವ ಸ್ವಾತಂತ್ರ್ಯವು ಶಾಲೆಯ ಮೇಷ್ಟರಿಗೆ ಎಲ್ಲಿಯದು!

ಇನ್ನು ಅವರ ಮತದ ಮಾತು. ಅವರು ಪ್ರೆಸ್ಬಿಟೀರಿಯನ್ ಪಂಥದವರು. ಮನೆಪಾಠಕ್ಕೆ ಮೂಲಕಾರಣವೇನೆಂದು ಕೇಳಿದುದಕ್ಕೆ ಅವರು ಬೈಬಲಿನ ಧರ್ಮೋಪದೇಶಕಾಂಡದ ಆರನೆಯ ಅಧ್ಯಾಯವನ್ನು ತೋರಿಸಿದರು. ಮನೆಯಲ್ಲಿ ಕುಳಿತಾಗಲೂ ದಾರಿ ನಡೆವಾಗಲೂ ಮಲಗುವಾಗಲೂ ಏಳುವಾಗಲೂ ದೇವರ ಆಜ್ಞೆಗಳನ್ನು ಮಕ್ಕಳಿಗೆ ತಿಳಿಯಹೇಳಬೇಕೆಂಬುದು ಅದರ ತಾತ್ಪರ್ಯ. ಅದಕ್ಕಾಗಿ ಬೇರೊಂದು ಗಂಟೆಯನ್ನಿಡುವುದಕ್ಕಿಂತ ದಿನವನ್ನೆಲ್ಲ ಅದರೊಳಗೆ ಇಡಬೇಕೆಂಬುದು ಅವರ ಅರ್ಥ. ಆದರೂ ಕ್ರಮವಾದ ಪಾಠವೂ ಉಂಟು. 1647ರಲ್ಲಿ ಸಿದ್ಧವಾದ ವೆಸ್ಟ್‌ಮಿನ್ಸ್ಟರ್ ಸಂಕ್ಷೇಪ ಪ್ರಶ್ನೋತ್ತರಮಾಲೆಯಲ್ಲಿ 107 ಪ್ರಶ್ನೆಗಳಿವೆ. ವಾರಕ್ಕೆ ಐದು ದಿನದಂತೆ 180 ದಿನಗಳಿಗೆ 36 ವಾರ. ವಾರಕ್ಕೆ ಮೂರು ಪ್ರಶ್ನೆಯಂತೆ ಹಂಚಿದರೆ ಕಡೆಯ ವಾರಕ್ಕೆ ಎರಡೇ ಉಳಿದು, ಆ ವಾರದಲ್ಲಿ ಒಂದು ಸಣ್ಣ ಹಬ್ಬವಾಗುತ್ತದೆ. ಗುರುಶಿಷ್ಯರ ಪ್ರಶ್ನೋತ್ತರಗಳಲ್ಲಿಯೇ ತತ್ತ್ವವನ್ನು ಕಲಿತ ದೇಶದವನಾದ ನನಗೆ ಆ ರೂಪವು ಪರಕೀಯವೆನಿಸಲಿಲ್ಲ. ನಾವಾದರೂ ಕ್ರೈಸ್ತ ವಿದ್ವಾಂಸರಿಂದ ಕಲಿಯದವರೇ? 1894ರಲ್ಲಿ ಅಚ್ಚಾದ ಕಿಟ್ಟೆಲ್ಲರ ಕನ್ನಡ ಕೋಶವನ್ನು ತೆರೆಯದೆ ನಮ್ಮಲ್ಲಿ ಯಾವ ಪಂಡಿತನ ಮನೆಯ ಕೆಲಸವೂ ಸಾಗಿಲ್ಲ.

ಈಗ ಆ ಪ್ರಶ್ನೆಯ ಗುರುತಿನ ಕಥೆ. ಹಿರಿಯ ಹುಡುಗನಿಗೆ ಆ ವರ್ಷ 9ನೆಯ ತರಗತಿ. ಅಲ್ಲಿ ಹೈಸ್ಕೂಲು ತೊಡಗುವುದು ಅಲ್ಲಿಂದಲೇ. ಜುಲೈ ತಿಂಗಳಲ್ಲಿ ಅವನು ತಂದೆಯ ಬಳಿ ಹೋಗಿ, ತನಗೆ ಊರಿನ ಸರ್ಕಾರಿ ಹೈಸ್ಕೂಲಿಗೆ ಹೋಗಬೇಕೆಂಬ ಆಸೆಯುಂಟೆಂದನು. ಅವನಿಗೆ ಮನೆಯ ಮೇಲೆ ಬೇಸರವಿರಲಿಲ್ಲ. ಅವನು ಹೇಳಿದ ಕಾರಣಗಳು ಎರಡೇ: ಒಳ್ಳೆಯ ಸೂಕ್ಷ್ಮದರ್ಶಕದಲ್ಲಿ ನೋಡಬೇಕು; ತನ್ನನ್ನು ಪ್ರೀತಿಸದವರೊಬ್ಬರು ತನ್ನ ಉತ್ತರಪತ್ರಿಕೆಯನ್ನು ತಿದ್ದಬೇಕು. ಎರಡನೆಯ ಮಾತನ್ನು ತಾಯಿಯು ನನಗೆ ಹೇಳುವಾಗ ಅವರ ಕಣ್ಣು ತುಂಬಿತ್ತು. ಹದಿನಾಲ್ಕು ವರ್ಷ ತಾನೇ ಗುರುವಾಗಿದ್ದವಳಿಗೆ ಅದು ಸಣ್ಣ ಪೆಟ್ಟಲ್ಲ.

ಅದರ ಮೇಲೆ ಜೀವಶಾಸ್ತ್ರದ ಭಯ. ಭೂಮಿಯ ವಯಸ್ಸು, ಜೀವಜಾತಿಗಳ ವಿಕಾಸ ಇವುಗಳ ವಿಷಯದಲ್ಲಿ ಅವರ ನಂಬಿಕೆಯೇ ಬೇರೆ. ಹೈಸ್ಕೂಲಿನಲ್ಲಿ ಕಲಿಸುವುದು ವಿಜ್ಞಾನಿಗಳು ಒಪ್ಪಿದ ವಿಕಾಸವಾದ. ಈ ಜಗಳವು ಆ ಸೀಮೆಗೆ ದೂರದ್ದಲ್ಲ. ಲ್ಯಾಂಕಾಸ್ಟರಿನ ಪಶ್ಚಿಮಕ್ಕೆ ಸಸ್ಕ್ವೆಹಾನ ನದಿಯನ್ನು ದಾಟಿದರೆ ಯಾರ್ಕ್ ಜಿಲ್ಲೆ. ಅಲ್ಲಿಯ ಡೋವರ್ ಎಂಬ ಊರಿನ ಶಾಲಾಮಂಡಲಿಯವರು, ಜೀವಿಗಳ ರಚನೆಯ ಹಿಂದೆ ಬುದ್ಧಿಪೂರ್ವಕವಾದ ಒಂದು ಯೋಜನೆಯುಂಟೆಂಬ ವಾದವನ್ನು ಜೀವಶಾಸ್ತ್ರದ ತರಗತಿಯಲ್ಲಿ ತಿಳಿಸಬೇಕೆಂದು ಗೊತ್ತುಮಾಡಿದಾಗ, ತಂದೆತಾಯಿಗಳೇ ಮೊಕದ್ದಮೆ ಹೂಡಿದರು. ಅದು ವಿಜ್ಞಾನವಲ್ಲ, ಮತವೇ ಎಂದು 2005ರ ಡಿಸೆಂಬರಿನಲ್ಲಿ ನ್ಯಾಯಾಧೀಶರು ತೀರ್ಪಿತ್ತರು. ನಾನಂತೂ ವಿಜ್ಞಾನದ ತರಗತಿಯಲ್ಲಿ ವಿಜ್ಞಾನವೇ ಇರಬೇಕೆಂಬ ಪಕ್ಷದವನು. ಅದನ್ನು ಆ ತಾಯಿಗೆ ಮುಚ್ಚಲಿಲ್ಲ. ಆಕೆಯೂ ತಮ್ಮ ನಂಬಿಕೆಯನ್ನು ನನಗೆ ಮುಚ್ಚಲಿಲ್ಲ. ಆಕೆಯನ್ನು ಕಾಡುತ್ತಿದ್ದ ಪ್ರಶ್ನೆಯು ಬೇರೆಯಾಗಿತ್ತು: ತಾನು ನಂಬದ ವಿಷಯವನ್ನು ತಾನೇ ಕಲಿಸಿದರೆ ಅದು ನ್ಯಾಯವಾಗಿ ನಡೆದೀತೆ?

ಶಾಸ್ತ್ರಪಾಠದಲ್ಲಿ ನಮಗೆ ಪೂರ್ವಪಕ್ಷವೆಂಬುದೊಂದುಂಟೆಂದು ನಾನು ಅವರಿಗೆ ತಿಳಿಸಿದೆನು. ಗ್ರಂಥಕಾರನು ತನ್ನ ಸಿದ್ಧಾಂತವನ್ನು ಹೇಳುವ ಮುಂಚೆ ಎದುರಾಳಿಯ ವಾದವನ್ನು ಎತ್ತಿಕೊಳ್ಳುವನು. ಅದನ್ನು ದುರ್ಬಲಮಾಡಿ ಹೇಳಿದವನ ಸಿದ್ಧಾಂತಕ್ಕೆ ವಿದ್ವತ್ಸಭೆಯಲ್ಲಿ ಮರ್ಯಾದೆಯಿಲ್ಲ. ಎದುರಾಳಿಯೇ ಕೇಳಿ “ಹೌದು, ನನ್ನ ಮಾತು ಇದೇ” ಎನ್ನುವಂತೆ ಹೇಳಬಲ್ಲವನೇ ಖಂಡಿಸಲು ಅರ್ಹನು. ಇಷ್ಟನ್ನು ಹೇಳಿದೆನಲ್ಲದೆ ಹುಡುಗನನ್ನು ಕಳುಹಿಸಿರೆಂದಾಗಲಿ ಬೇಡವೆಂದಾಗಲಿ ನಾನು ಹೇಳಲಿಲ್ಲ. ಅದು ತಂದೆತಾಯಿಗಳ ಕೆಲಸ.

ತೀರ್ಮಾನಕ್ಕೆ ಕಾನೂನೇ ಒಂದು ದಾರಿ ಕೊಟ್ಟಿತು. ಪೆನ್ಸಿಲ್ವೇನಿಯಾದಲ್ಲಿ ಮನೆಪಾಠದ ಮಕ್ಕಳು ಸರ್ಕಾರಿ ಶಾಲೆಯ ಆಟಪಾಟಗಳಲ್ಲಿ ಸೇರಲು ಮೊದಲೇ ಅವಕಾಶವಿತ್ತು. 2022ರಲ್ಲಿ ಆದ ತಿದ್ದುಪಡಿಯಂತೆ, ದಿನದ ಕಾಲುಭಾಗದಷ್ಟು ಹೊತ್ತು ತರಗತಿಯ ಪಾಠಗಳಿಗೂ ಹೋಗಬಹುದೆಂದಾಗಿ, ಅದು 2023–24ನೆಯ ಶಾಲಾವರ್ಷದಿಂದ ಆಚರಣೆಗೆ ಬಂದಿತು. ಜುಲೈ ಕೊನೆಯ ವಾರದಲ್ಲಿ ತಾಯಿಯು ಐದನೆಯ ಹಾಳೆಯ ಪ್ರಶ್ನೆಯ ಗುರುತನ್ನು ಹೊಡೆದುಹಾಕಿದರು. ಜೀವಶಾಸ್ತ್ರಕ್ಕೆ ಹುಡುಗನು ಹೈಸ್ಕೂಲಿಗೆ ಹೋಗುವುದು. ಉಳಿದ ವಿಷಯಗಳು ಮನೆಯಲ್ಲಿ. ತಾನು ಯಾವ ವಿಷಯಕ್ಕೆ ಅಂಜುತ್ತಿದ್ದರೋ ಅದನ್ನೇ ಪರರ ಕೈಗೆ ಒಪ್ಪಿಸುವುದಕ್ಕೆ ಆ ತಾಯಿಗೆ ಎಷ್ಟು ಧೈರ್ಯ ಬೇಕಾಯಿತೆಂಬುದನ್ನು ಓದುವವರು ಊಹಿಸಿಕೊಳ್ಳಬಹುದು. ಅವರ ಬಳಗದಲ್ಲಿ ಇದನ್ನು ಒಪ್ಪದವರೂ ಇದ್ದರು.

ಆಗಸ್ಟ್ ಕೊನೆಯಲ್ಲಿ ಪಾಠ ತೊಡಗಿತು. ಅಕ್ಟೋಬರಿನಲ್ಲಿ ನಾನು ಊರಿಗೆ ಹಿಂದಿರುಗಿದೆನು. ನಡುವಿನ ಆರೇಳು ವಾರಗಳಲ್ಲಿ ಆ ಮನೆಯಲ್ಲಿ ಹೊಸದೊಂದು ನಿಯಮವು ನಡೆದುದನ್ನು ಕಂಡೆನು. ರಾತ್ರಿಯ ಊಟದಲ್ಲಿ ಹುಡುಗನು ಅಂದಿನ ಜೀವಶಾಸ್ತ್ರದ ಪಾಠವನ್ನು ತಿರುಗಿ ಹೇಳಬೇಕು. ಮೊದಲು ಉಪಾಧ್ಯಾಯಿನಿಯು ಹೇಳಿದ್ದನ್ನು, ಆಕೆಯೇ ಎದುರಿಗೆ ಕುಳಿತಿದ್ದರೂ ಒಪ್ಪುವಂತೆ, ಪೂರ್ತಿಯಾಗಿ ಹೇಳಬೇಕು. ಅದು ಮುಗಿಯುವವರೆಗೆ ಯಾರೂ ನಡುವೆ ಬಾಯಿ ಹಾಕಕೂಡದು. ಆಮೇಲೆ ತನಗೆ ತೋರಿದ್ದನ್ನು ಹೇಳಬಹುದು, ತಂದೆತಾಯಿಗಳೂ ಹೇಳಬಹುದು. ಒಂದು ರಾತ್ರಿ ನಾನೂ ಕುಳಿತಿದ್ದೆನು. ಕೋಶವು ಎರಡಾಗುವ ಕ್ರಮವನ್ನು ಅವನು ಉಪ್ಪಿನ ಕುಡಿಕೆಯನ್ನೂ ಚಮಚಗಳನ್ನೂ ಜೋಡಿಸಿ ವಿವರಿಸಿದನು. ತಾಯಿಯು ಮೌನವಾಗಿ ಕೇಳಿ, ತಾವು ದಾದಿಯ ವಿದ್ಯೆಯಲ್ಲಿ ಓದಿದ್ದನ್ನು ನೆನೆದು, ಎರಡು ಪ್ರಶ್ನೆ ಕೇಳಿದರು. ಒಂದಕ್ಕೆ ಅವನಿಗೆ ಉತ್ತರ ಬಂದಿತು, ಇನ್ನೊಂದನ್ನು ನಾಳೆ ಕೇಳಿಕೊಂಡು ಬರುವೆನೆಂದನು. ವಿಕಾಸದ ಅಧ್ಯಾಯವು ಇನ್ನೂ ಬಂದಿರಲಿಲ್ಲ. ಅದು ಬಂದ ರಾತ್ರಿಯೂ ಇದೇ ನಿಯಮವು ನಿಲ್ಲುವುದೆಂದು ತಂದೆಯು ಹೇಳಿದರು.

ಇದರಿಂದ ಮನೆಪಾಠವೇ ಶಾಲೆಗಿಂತ ಮೇಲೆಂದು ನಾನು ಸಾಧಿಸಹೊರಟಿಲ್ಲ. ಈ ಸಂಸಾರದಲ್ಲಿ ದುಡಿಯುವ ಕೈ ಒಂದಾದರೂ ಮನೆ ನಡೆಯುತ್ತಿತ್ತು, ತಾಯಿಯು ಓದಿದವಳು, ಹೊರಗಿನವರು ಬಂದು ನೋಡುವ ಕಾನೂನಿತ್ತು. ಈ ಮೂರರಲ್ಲಿ ಒಂದು ತಪ್ಪಿದರೂ ಮನೆಯ ನಾಲ್ಕು ಗೋಡೆಗಳು ಮಗುವಿಗೆ ಬಂದಿಖಾನೆಯಾಗಬಹುದು. ಜರ್ಮನಿಯು ಮನೆಪಾಠಕ್ಕೆ ಎಡೆಗೊಡುವುದಿಲ್ಲ. 2006ರಲ್ಲಿ ಅಲ್ಲಿಯ ಕ್ರೈಸ್ತ ತಂದೆತಾಯಿಗಳ ಮೊರೆಯನ್ನು ಐರೋಪ್ಯ ಮಾನವಹಕ್ಕುಗಳ ನ್ಯಾಯಾಲಯವೂ ಮನ್ನಿಸಲಿಲ್ಲ. ಬೇರೆ ಬೇರೆ ಬಗೆಯ ಮಕ್ಕಳು ಒಂದೆಡೆ ಕಲೆತು ಬೆಳೆಯಬೇಕೆಂಬ ಅವರ ವಾದದಲ್ಲಿಯೂ ಹುರುಳಿದೆ. ನಮ್ಮ ದೇಶದಲ್ಲಿ 2009ರ ಶಿಕ್ಷಣದ ಹಕ್ಕಿನ ಕಾಯಿದೆಯು 2010ರ ಏಪ್ರಿಲ್ 1ರಿಂದ ಜಾರಿಗೆ ಬಂದು, 6ರಿಂದ 14 ವರ್ಷದ ಮಕ್ಕಳಿಗೆ ಶಾಲೆಯ ಬಾಗಿಲನ್ನು ಹಕ್ಕಾಗಿ ತೆರೆಯಿತು. ಅಕ್ಷರ ಬಾರದ ತಾಯಿಯ ಮಗಳೂ ಬಿಸಿಯೂಟದ ತಟ್ಟೆಯ ಮುಂದೆ ಎಲ್ಲರ ಸಾಲಿನಲ್ಲಿ ಕುಳಿತು ಅಕ್ಷರ ಕಲಿಯುವ ಸ್ಥಳವು ಶಾಲೆಯೊಂದೇ. ಅದನ್ನು ಬಿಟ್ಟುಕೊಡುವ ಮಾತನ್ನು ನಾನು ಆಡಲಾರೆನು.

ಆದರೆ ಶಾಲೆಗೆ ಕಳುಹಿಸಿದ ಮಾತ್ರಕ್ಕೆ ತಂದೆತಾಯಿಗಳ ಗುರುತ್ವವು ತೀರಿತೆಂಬ ಭಾವನೆಯು ನಮ್ಮ ವಿದ್ಯಾವಂತ ಮನೆಗಳಲ್ಲಿ ಬೆಳೆದಿದೆ. ಶುಲ್ಕವನ್ನು ಕಟ್ಟುತ್ತೇವೆ, ಮನೆಪಾಠಕ್ಕೆ ಇನ್ನೊಬ್ಬರನ್ನು ಗೊತ್ತುಮಾಡುತ್ತೇವೆ, ಅಂಕಪಟ್ಟಿಗೆ ಸಹಿ ಹಾಕುತ್ತೇವೆ. ಮಗುವಿಗೆ ಏನು ಬರುತ್ತದೆ, ಅದರ ಮನಸ್ಸು ಎತ್ತ ಹರಿಯುತ್ತದೆ ಎಂಬುದನ್ನು ಬರೆಯಿರೆಂದರೆ ಎಷ್ಟು ಮಂದಿ ಒಂದು ಸಾಲು ಬರೆದೇವು? ಮತಧರ್ಮಗಳ ವಿಚಾರದಲ್ಲಿಯೂ ಇದೇ ಗತಿ. ನಮ್ಮದನ್ನು ಹೇಳಿಕೊಡಲು ಪುರುಸೊತ್ತಿಲ್ಲ. ಪರರದನ್ನು ನ್ಯಾಯವಾಗಿ ಕೇಳಿಸಲು ಮನಸ್ಸಿಲ್ಲ. ಆ ಕ್ರೈಸ್ತ ಗೃಹಿಣಿಯು ಎರಡನ್ನೂ ಮಾಡಲೆತ್ನಿಸಿದರು. ಆಕೆಯ ನಂಬಿಕೆಗಳೆಲ್ಲವೂ ನನಗೆ ಒಪ್ಪಿಗೆಯಾಗಬೇಕಾದ್ದಿಲ್ಲ. ಆ ಯತ್ನಕ್ಕೆ ನಾನು ತಲೆಬಾಗುವೆನು.

ನಮ್ಮಲ್ಲಿ ಬೇಸಗೆಯ ರಜೆ ತೀರಿ ಶಾಲೆಗಳು ತೆರೆಯುವ ಮುಂಚೆ ಹೊಸ ಪುಸ್ತಕಗಳಿಗೆ ಬೈಂಡು ಹಾಕಿ ಹೆಸರಿನ ಚೀಟಿ ಅಂಟಿಸುವ ಒಂದು ಸಂಜೆಯು ಎಲ್ಲ ಮನೆಗಳಲ್ಲಿಯೂ ಬರುತ್ತದೆ. ಆ ಸಂಜೆ ಇನ್ನೊಂದು ಅರ್ಧ ಗಂಟೆ ಕುಳಿತು ಮಗುವಿಗೊಂದು ಹಾಳೆ, ತಮಗೊಂದು ಹಾಳೆ ಬರೆಯುವುದಕ್ಕೆ ಯಾವ ಕಾನೂನಿನ ಅಪ್ಪಣೆಯೂ ಬೇಕಿಲ್ಲ. ಮಕ್ಕಳು ಶಾಲೆಯಲ್ಲಿ ಕೇಳಿದ್ದನ್ನು ರಾತ್ರಿಯ ಊಟದ ಹೊತ್ತಿಗೆ ತಿರುಗಿ ಹೇಳಿದರೆ, ನಡುವೆ ಬಾಯಿ ಹಾಕದೆ ಕೇಳುವುದಕ್ಕೂ ಖರ್ಚಿಲ್ಲ. ಬರುವ ಜೂನಿನಲ್ಲಿ ನಮ್ಮ ಸಂಘದ ಸದಸ್ಯರ ಮನೆಗಳಲ್ಲಿ ಇದನ್ನು ಪರೀಕ್ಷಿಸಿ ನೋಡಿ, ಹೇಗೆ ನಡೆಯಿತೆಂಬುದನ್ನು ಈ ಪತ್ರಿಕೆಗೆ ಬರೆದು ತಿಳಿಸುವುದಾದರೆ ನನ್ನಂಥ ಹಳೆಯ ಮೇಷ್ಟರುಗಳಿಗೆ ಸಂತೋಷವಾದೀತು.